ಮುರುಗಲ ತುಪ್ಪದ ಮುಲಾಮು ಮರಳಾಯಿತು, ಲೋಳೆಸರದ ಕ್ರೀಮಿಗೆ ಬೂಷ್ಟು ಬಂತು. ಎಲ್ಲಿ ತಪ್ಪಿದೆ?

ಮಲ್ಲಿಗೆಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈದುಕೊಳ್ಳದೆ ಓದಿ.

ನನ್ನ ತವರು ಸಿದ್ದಾಪುರದ ಕಡೆ ಒಂದು ಹಳ್ಳಿ. ಈಗ ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಊರಿನಿಂದ ಬಸ್ಸಿನಲ್ಲಿ ಒಂದು ಡಬ್ಬ ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಅದರ ಸಂದಿಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕೈದು ಮುರುಗಲ ತುಪ್ಪದ ಉಂಡೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮುರುಗಲು ಅಂದರೆ ಕೋಕಂ. ಮಂಗಳೂರಿನವರು ಪುನರ್ಪುಳಿ ಅನ್ನುತ್ತಾರೆ. ಹಣ್ಣಿನ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಬೀಜದಿಂದ ಈ ತುಪ್ಪ. ತುಪ್ಪ ಅಂತ ಹೆಸರಷ್ಟೇ, ಮೇಣದ ಹಾಗೆ ಗಟ್ಟಿ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅಂಗೈಯಲ್ಲಿಟ್ಟು ಉಜ್ಜಿದರೆ ಮೆತ್ತಗಾಗುತ್ತದೆ.

ಹಿಮ್ಮಡಿ ಒಡೆದರೆ ನಮ್ಮ ಅಜ್ಜಿ ಇದನ್ನು ಸೌಟಿನಲ್ಲಿ ಕರಗಿಸಿ, ಹತ್ತಿಬತ್ತಿ ಅದ್ದಿ, ಒಡಕಿನೊಳಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಬಿಸಿ ತಾಗಿ ಕಾಲು ಎಳೆದುಕೊಂಡರೆ ಮೊಣಕಾಲಿಗೆ ಒಂದು ಏಟು ಬೀಳುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಇದನ್ನೇ ಕೊಬ್ಬರಿ ಎಣ್ಣೆ, ಜೇನುಮೇಣದ ಜೊತೆ ಕರಗಿಸಿ ಮುಲಾಮು ಮಾಡಿದೆ. ಎಷ್ಟು ಚೆನ್ನಾಗಿ ಬಂತು ಅಂದರೆ ಅಪಾರ್ಟ್‌ಮೆಂಟಿನಲ್ಲಿ ಆರು ಜನ ಕೇಳಿ ತೆಗೆದುಕೊಂಡರು. ಏಪ್ರಿಲ್‌ನಲ್ಲಿ ಅದೇ ಅಳತೆಯಲ್ಲಿ ಮತ್ತೆ ಮಾಡಿದರೆ ಪೂರ್ತಿ ಮರಳು ಮರಳು. ಚರ್ಮದ ಮೇಲೆ ಸಣ್ಣ ರವೆ ಉಜ್ಜಿದ ಹಾಗೆ.

ಆಮೇಲೆ ಜೂನ್‌ನಲ್ಲಿ ಸ್ವಲ್ಪ ಧೈರ್ಯ ಜಾಸ್ತಿಯಾಯಿತು. ಹೊಸ ಉಂಡೆ ಬಂದಿದ್ದವು. ಬಾಲ್ಕನಿಯ ಲೋಳೆಸರ ಕೊಯ್ದು, ತಿರುಳು ತೆಗೆದು, ಗುಲಾಬಿ ನೀರು ಸೇರಿಸಿ, ಕರಗಿದ ತುಪ್ಪದ ಜೊತೆ ಮಿಕ್ಸಿಗೆ ಹಾಕಿದೆ. ಬೆಣ್ಣೆಯ ಹಾಗೆ ಬೆಳ್ಳಗೆ ಉಬ್ಬಿ ಬಂತು. ಮೂರನೇ ದಿನಕ್ಕೆ ಅಂಚಿನಲ್ಲಿ ನೀರು ಬಿಟ್ಟುಕೊಂಡಿತು. ಒಂಬತ್ತನೇ ದಿನ ಮುಚ್ಚಳ ತೆಗೆದರೆ ಒಳಗಡೆ ಬೂದು ಹಸಿರು ಚುಕ್ಕಿ. ಅಷ್ಟರಲ್ಲಿ ನಾಲ್ಕು ಡಬ್ಬಿ ಹಂಚಿಯಾಗಿತ್ತು. ಪಕ್ಕದ ಮನೆ ಆಂಟಿ ಕಣ್ಣಿನ ಕೆಳಗೆ ಹಚ್ಚಿಕೊಂಡು ಎರಡು ದಿನ ತುರಿಸಿಕೊಂಡರಂತೆ. ನನಗೆ ಹೇಳಲಿಲ್ಲ, ಕೆಲಸದವಳ ಕೈಲಿ ಹೇಳಿಸಿದರು. ಲಿಫ್ಟಿನಲ್ಲಿ ಸಿಕ್ಕರೆ ಮುಖ ಎತ್ತಲು ಆಗುತ್ತಿಲ್ಲ.

ಈಗ ಪ್ರಶ್ನೆ. ಮರಳು ಯಾಕೆ ಆಗುತ್ತದೆ? ಬೂಷ್ಟು ಬರದಂತೆ ಗಿಡಮೂಲಿಕೆಯದ್ದೇ ಏನಾದರೂ ಹಾಕಬಹುದಾ? ಕೆಮಿಕಲ್ ಹಾಕುವ ಮನಸ್ಸಿಲ್ಲ. ದೀಪಾವಳಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಟಾಲ್ ಹಾಕಿಸುತ್ತಾರೆ, ಅಲ್ಲಿ 'ಶೇ. 100 ನೈಸರ್ಗಿಕ' ಅಂತ ಚೀಟಿ ಅಂಟಿಸಿ ಮಾರಬಹುದಾ?

ತುಂಟಮೋಡ:

ಅಕ್ಕ, ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ, ಹತ್ತು ಹನಿ ಬೇವಿನೆಣ್ಣೆ ಹಾಕಿ, ಫ್ರಿಜ್ಜಿನಲ್ಲಿಡಿ. ನಾನು ಹಾಗೇ ಮಾಡೋದು. ಏನೂ ಆಗಲ್ಲ. ಮುಖಕ್ಕಾದರೆ ನಾಲ್ಕು ಹನಿ ಮಜ್ಜಿಗೆ ಹುಲ್ಲಿನ ಎಣ್ಣೆನೂ ಹಾಕಿ, ಘಮ ಘಮ ಅನ್ನುತ್ತೆ.

ಹಳೇ ಲ್ಯಾಬು:

ತುಂಟಮೋಡ ಅವರೇ, ನಿಮಗೆ ಇಲ್ಲಿವರೆಗೆ ಏನೂ ಆಗಿಲ್ಲ ಅಂದರೆ ಸಂತೋಷ. ಆದರೆ ಬೇರೆಯವರಿಗೆ ಹೇಳಬೇಡಿ. ಯಾಕೆ ಅಂತ ಬರೆಯುತ್ತೇನೆ.

ನಾನು ಪೀಣ್ಯದ ಕಡೆ ಸೋಪು, ಕ್ರೀಮು ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ 22 ವರ್ಷ ಇದ್ದೆ. ಈಗ ರಿಟೈರ್ ಆಗಿ ಮೊಮ್ಮಗನನ್ನು ಸ್ಕೂಲಿಗೆ ಬಿಡುವ ಕೆಲಸ. ಲ್ಯಾಬಿನಲ್ಲಿ ನನ್ನ ಕೆಲಸ ಒಂದೇ. ಪ್ರತಿ ಬ್ಯಾಚಿನಿಂದ ಒಂದು ಗ್ರಾಂ ತೆಗೆದು, ಕರಗಿಸಿ, ಗಾಜಿನ ತಟ್ಟೆಯಲ್ಲಿ ಅಗರ್ ಅನ್ನುವ ಜೆಲ್ಲಿಯ ಮೇಲೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮೂರು ದಿನ ಬಿಟ್ಟು ಎಷ್ಟು ಚುಕ್ಕಿ (ಒಂದೊಂದೂ ಸೂಕ್ಷ್ಮಜೀವಿಗಳ ಗುಂಪು) ಎದ್ದಿವೆ ಅಂತ ಎಣಿಸುವುದು. ಬೂಷ್ಟಿನ ತಟ್ಟೆಗೆ ಐದು ದಿನ. ಈಗಿನ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಗ್ರಾಮಿಗೆ 1,000 ಚುಕ್ಕಿ ದಾಟಬಾರದು. ಕಣ್ಣಿನ ಸುತ್ತ ಹಚ್ಚುವುದಾದರೆ, ಮೂರು ವರ್ಷದೊಳಗಿನ ಮಕ್ಕಳಿಗಾದರೆ 100. ಮಲ್ಲಿಗೆಬಳ್ಳಿ ಅವರೇ, ಬರಿಗಣ್ಣಿಗೆ ಹಸಿರು ಕಾಣುವ ಹೊತ್ತಿಗೆ ಆ ಡಬ್ಬಿಯಲ್ಲಿ ಈ ಲೆಕ್ಕ ಎಂದೋ ದಾಟಿರುತ್ತದೆ. ಬೂಷ್ಟು ಕಣ್ಣಿಗೆ ಬೀಳುತ್ತದೆ, ಅದು ಒಳ್ಳೆಯದೇ. ಕಾಣದ ಬ್ಯಾಕ್ಟೀರಿಯಾ ಇರುತ್ತವಲ್ಲ, ಅವಕ್ಕೆ ಎಷ್ಟೋ ಸಲ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಆಂಟಿಗೆ ತುರಿಕೆ ಬಂದದ್ದು ಅದರಿಂದಲೋ, ಲೋಳೆಸರದಿಂದಲೋ, ಗುಲಾಬಿ ನೀರಿನಿಂದಲೋ ಹೇಳಲು ಬರುವುದಿಲ್ಲ. ತುರಿಕೆ ಇನ್ನೂ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಲಿ.

ನಿಮ್ಮ ಡಿಸೆಂಬರಿನ ಮುಲಾಮು ಕೆಡದೆ ಇದ್ದದ್ದು ಯಾಕೆ ಗೊತ್ತಾ? ಅದರಲ್ಲಿ ನೀರಿರಲಿಲ್ಲ. ಬರೀ ಕೊಬ್ಬು, ಎಣ್ಣೆ, ಮೇಣ. ನೀರಿಲ್ಲದ ಕಡೆ ಬೂಷ್ಟು ಸಂಸಾರ ಹೂಡುವುದಿಲ್ಲ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ನಿಮ್ಮ ಆಯಿ, ಅಂದರೆ ಅಮ್ಮ, ಏನು ಮಾಡುತ್ತಿದ್ದರು? ಅದೇ ಲೆಕ್ಕ. ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98 ಪಾಲಿಗಿಂತ ಜಾಸ್ತಿ ನೀರು. ಉಳಿದದ್ದು ಸಕ್ಕರೆಯಂಥ ಅಂಟು. ಅಂದರೆ ನೀವು ಕೊಬ್ಬಿನ ಡಬ್ಬಿಯಲ್ಲಿ ಅವುಗಳಿಗೆ ನೀರು, ಊಟ ಎರಡನ್ನೂ ಇಟ್ಟಿರಿ. ಮೇಲೆ ಬೆರಳು ಅದ್ದಿ ಅದ್ದಿ ತೆಗೆಯುತ್ತೇವೆ ಬೇರೆ.

ವಿಟಮಿನ್ ಇ ಬಗ್ಗೆ. ಅದು ಎಣ್ಣೆ ಕಮಟು ಹಿಡಿಯದಂತೆ ತಡೆಯುತ್ತದೆ, ಅಷ್ಟೇ. ಬೂಷ್ಟಿಗೆ ಅದು ಏನೂ ಮಾಡುವುದಿಲ್ಲ. ಬೇವಿನೆಣ್ಣೆ ಕೆಲವು ಹುಳಹುಪ್ಪಟೆಗೆ ಸರಿ, ಹತ್ತು ಹನಿ ಹಾಕಿ ಒಂದು ಡಬ್ಬಿ ಕ್ರೀಮು ಕಾಯಿರಿ ಅಂದರೆ ಕಾಯುವುದಿಲ್ಲ. ಫ್ರಿಜ್ಜು ತಡಮಾಡಿಸುತ್ತದೆ, ನಿಲ್ಲಿಸುವುದಿಲ್ಲ. ದ್ರಾಕ್ಷಿಯಂಥ ಹೆಸರಿನ ಹುಳಿ ಹಣ್ಣು, ಗ್ರೇಪ್‌ಫ್ರೂಟ್, ಅದರ ಬೀಜದ ಸಾರ ಅಂತ ಆನ್‌ಲೈನಿನಲ್ಲಿ 'ನೈಸರ್ಗಿಕ ಪ್ರಿಸರ್ವೇಟಿವ್' ಮಾರುತ್ತಾರೆ. ಅಂಥ ಬಾಟಲಿಗಳನ್ನು ಲ್ಯಾಬುಗಳಲ್ಲಿ ಪರೀಕ್ಷೆ ಮಾಡಿದಾಗ ಹಲವುದರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಅನ್ನುವ, ಕಾರ್ಖಾನೆಯಲ್ಲಿ ಮಾಡಿದ ಸೂಕ್ಷ್ಮಜೀವಿನಾಶಕ ಸಿಕ್ಕಿದೆ. ಬೂಷ್ಟು ತಡೆದದ್ದು ಅದು, ಹಣ್ಣಿನ ಬೀಜ ಅಲ್ಲ.

ಕೆಮಿಕಲ್ ಬೇಡ ಅಂದಿರಿ. ಒಂದು ವಿಷಯ ಕೇಳಿ. ದೇವರ ಮನೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕುತ್ತೀರಲ್ಲ, ಬೆಂಜೋಯಿಕ್ ಆಮ್ಲವನ್ನು ಜನ ಮೊದಲು ತೆಗೆದದ್ದು ಆ ಅಂಟಿನಿಂದ. ಸಾರ್ಬಿಕ್ ಆಮ್ಲವನ್ನು 1859ರಲ್ಲಿ ಹಾಫ್‌ಮನ್ ಅನ್ನುವ ರಸಾಯನಶಾಸ್ತ್ರಿ ರೋವನ್ ಮರದ ಹಣ್ಣಿನಿಂದ ತೆಗೆದ. ಕ್ರೀಮಿನ ಡಬ್ಬಿಯ ಹಿಂದೆ ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಅಂತ ಓದಿ ಮೂಗು ಮುರಿಯುತ್ತೀರಲ್ಲ, ಅವು ಈ ಎರಡರ ಮಕ್ಕಳು. ಈಗ ಕಾರ್ಖಾನೆಯಲ್ಲೇ ಮಾಡುತ್ತಾರೆ, ಅದು ನಿಜ. ಆದರೆ ಅಣು ಅದೇ. ಇವು ಹುಳಿ ಇದ್ದ ಕಡೆ ಮಾತ್ರ ಕೆಲಸ ಮಾಡುತ್ತವೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ. ಪಿಎಚ್ ಪಟ್ಟಿ ಅದ್ದಿ ನೋಡದೆ, ಗ್ರಾಂ ತಕ್ಕಡಿ ಇಲ್ಲದೆ ಅಡುಗೆಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ.

ನೀರು ಬಿಟ್ಟುಕೊಂಡದ್ದು ಬೇರೆ ಕಥೆ. ಮಿಕ್ಸಿ ಎಷ್ಟು ತಿರುಗಿಸಿದರೂ ಕೊಬ್ಬು, ನೀರು ಒಂದಾಗುವುದಿಲ್ಲ. ಎರಡರ ನಡುವೆ ರಾಜಿ ಮಾಡಿಸುವವರು ಒಬ್ಬರು ಬೇಕು. ಜಗಳಗಂಟರನ್ನು ಎಣ್ಣೆ ಸೀಗೆಕಾಯಿ ಅನ್ನುತ್ತೇವೆ. ನನಗೆ ಆ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ. ಎಣ್ಣೆಯನ್ನು ನೀರಿನ ಜೊತೆ ಕಳಿಸುವುದೇ ಸೀಗೆಕಾಯಿ! ಅದರಲ್ಲಿರುವ ಸಪೋನಿನ್ ಒಂದು ಕೈಯಲ್ಲಿ ಎಣ್ಣೆ ಹಿಡಿದು ಇನ್ನೊಂದು ಕೈಯಲ್ಲಿ ನೀರು ಹಿಡಿಯುತ್ತದೆ. ಅಂಟುವಾಳದ ನೊರೆಯೂ ಅದೇ. ಕ್ರೀಮಿನಲ್ಲಿ ಆ ಕೆಲಸಕ್ಕೆ ಬೇರೆ ಮೇಣ ಹಾಕುತ್ತಾರೆ. ಬರೀ ಜೇನುಮೇಣ ಸಾಲದು. ಸೀಗೆಕಾಯಿ ಕಷಾಯ ಹಾಕಿ ಕ್ರೀಮು ಮಾಡಲು ಮಾತ್ರ ಹೋಗಬೇಡಿ, ಕಣ್ಣಿಗೆ ಬಿದ್ದರೆ ಗೊತ್ತಲ್ಲ ಉರಿ.

ಇನ್ನು ಮರಳು. ಇದು ನನಗೆ ಇಷ್ಟದ ವಿಷಯ. ಹಸುವಿನ ತುಪ್ಪ ಮರಳಾದರೆ 'ಆಹಾ, ಏನು ತುಪ್ಪ' ಅಂತ ಹೊಗಳುತ್ತೇವೆ. ಮುಲಾಮು ಮರಳಾದರೆ ಬೈಯುತ್ತೇವೆ. ಎರಡೂ ಒಂದೇ. ಮುರುಗಲ ತುಪ್ಪದಲ್ಲಿ ಹೆಚ್ಚು ಕಡಿಮೆ ಎಲ್ಲ ಸ್ಟಿಯರಿಕ್, ಓಲಿಯಿಕ್ ಅನ್ನುವ ಎರಡು ಕೊಬ್ಬಿನ ಆಮ್ಲಗಳೇ, ಅದರಲ್ಲಿ ಸ್ಟಿಯರಿಕ್ ಪಾಲು ಜಾಸ್ತಿ. ಅದಕ್ಕೇ ಅಷ್ಟು ಗಟ್ಟಿ, ಸುಮಾರು 40 ಡಿಗ್ರಿ ತನಕ ಕರಗುವುದಿಲ್ಲ. ಕೊಬ್ಬರಿ ಎಣ್ಣೆ 24ಕ್ಕೇ ಕರಗುತ್ತದೆ. ಎರಡನ್ನೂ ಕರಗಿಸಿ ನಿಧಾನಕ್ಕೆ ಆರಲು ಬಿಟ್ಟರೆ ಗಟ್ಟಿಯದ್ದು ಮೊದಲು ಹರಳು ಕಟ್ಟುತ್ತದೆ, ಪುರುಸೊತ್ತಾಗಿ ದೊಡ್ಡದಾಗುತ್ತದೆ. ನಿಮ್ಮದು ಡಿಸೆಂಬರಿನ ರಾತ್ರಿ ಬೇಗ ತಣಿದು ನುಣ್ಣಗೆ ಬಂತು. ಏಪ್ರಿಲ್ ಸೆಕೆಯಲ್ಲಿ ನಾಲ್ಕೈದು ಗಂಟೆ ಅಡುಗೆಮನೆ ಕಟ್ಟೆಯ ಮೇಲೆ ಕೂತಿರಬೇಕು, ಅಲ್ವಾ?

ಹೀಗೆ ಮಾಡಿ. ಮುರುಗಲ ತುಪ್ಪ 25 ಗ್ರಾಂ, ಎಳ್ಳೆಣ್ಣೆ 60 ಗ್ರಾಂ, ಜೇನುಮೇಣ 15 ಗ್ರಾಂ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಜೇನುಮೇಣ ಕರಗಲು 62, 64 ಡಿಗ್ರಿ ಬೇಕು. 70ಕ್ಕೆ ತಂದು ಹತ್ತು ನಿಮಿಷ ಬಿಡಿ, ಒಂದು ಹರಳೂ ಉಳಿಯಬಾರದು. ಆಮೇಲೆ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಕೈಬಿಡದೆ ಕಲಕಿ. ನೀರು ಒಂದು ಹನಿ ಒಳಗೆ ಸಿಡಿಯಬಾರದು. ಮಂಜು ಕವಿದ ಹಾಗೆ ಆಗುತ್ತಿದ್ದಂತೆ ಡಬ್ಬಿಗೆ ಸುರಿದು ಫ್ರಿಜ್ಜಿಗೆ. ಕೆಟ್ಟ ಏಪ್ರಿಲ್ ಬ್ಯಾಚನ್ನೂ ಎಸೆಯಬೇಡಿ, ಮತ್ತೆ ಕರಗಿಸಿ ಹೀಗೇ ತಣಿಸಿ. ಲೋಳೆಸರದ್ದು ಮಾತ್ರ ಎಸೆಯಿರಿ, ಬೂಷ್ಟು ಬಂದ ಜಾಗ ಕೆರೆದು ಉಳಿದದ್ದು ಹಚ್ಚಿಕೊಳ್ಳುವ ಜಿಪುಣತನ ಬೇಡ.

ಚೀಟಿಯ ಬಗ್ಗೆ. ಮಾರುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣದವರಿಂದ ಪರವಾನಗಿ ಬೇಕು. ಮನೆಯಲ್ಲಿ ಮಾಡಿದ್ದು, ಸ್ವಲ್ಪವೇ ಮಾಡಿದ್ದು ಅಂತ ವಿನಾಯಿತಿ ಇದೆ ಅಂದುಕೊಳ್ಳಬೇಡಿ. 'ಶೇ. 100 ನೈಸರ್ಗಿಕ' ಅನ್ನುವ ಮಾತಿಗೆ ನನಗೆ ಮರ್ಯಾದೆ ಕಡಿಮೆ. ದೊಡ್ಡ ಕಂಪನಿಗಳು ನೈಸರ್ಗಿಕ ಇಷ್ಟು ಶೇಕಡಾ ಅಂತ ಹಾಕುವಾಗ ಐಎಸ್ಒ 16128 ಅನ್ನುವ ಲೆಕ್ಕ ಬಳಸುತ್ತಾರೆ. ಅದರಲ್ಲಿ ನೀರನ್ನೂ ನೈಸರ್ಗಿಕಕ್ಕೆ ಸೇರಿಸಿಕೊಳ್ಳಬಹುದು. ಕ್ರೀಮಿನಲ್ಲಿ ಹೆಚ್ಚು ಪಾಲು ನೀರೇ, ಅಂದಮೇಲೆ ನಲ್ಲಿ ತಿರುಗಿಸಿದರೆ ನೂರಕ್ಕೆ ಎಪ್ಪತ್ತು ಅಂಕ ಬಂದ ಹಾಗೆ!

ಮಜ್ಜಿಗೆ ಹುಲ್ಲಿನ ಎಣ್ಣೆ ಮುಖಕ್ಕೆ ಬೇಡ. ಅದರಲ್ಲಿ ಹೆಚ್ಚಿನ ಪಾಲು ಸಿಟ್ರಾಲ್, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಂದು ಸಲ ಅಲರ್ಜಿ ಹತ್ತಿಕೊಂಡರೆ ಆಮೇಲೆ ಆ ವಾಸನೆಯ ಸೋಪೂ ಆಗುವುದಿಲ್ಲ.

ಗಟ್ಟದ ಮೇಲಿನವ:

ಲ್ಯಾಬಿನ ಸರ್ ಚೆನ್ನಾಗಿ ಹೇಳಿದರು. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಮುರುಗಲ ತುಪ್ಪ ತೆಗೆಯುವುದು ನಮ್ಮ ಮನೆ ಕೆಲಸ. ಒಂದು ಮಾತು ಸೇರಿಸುತ್ತೇನೆ.

ತಂಗಿ, ಹೊಸ ಉಂಡೆ ಜೂನಿನಲ್ಲಿ ಬಂತು ಅಂದೆಯಲ್ಲ. ಅದರಲ್ಲೇ ನೀರಿನಂಶ ಉಳಿದಿರಬಹುದು. ನೋಡು, ಹಣ್ಣು ಏಪ್ರಿಲ್, ಮೇ ತಿಂಗಳಿಗೆ. ಮಳೆ ಬೀಳುವುದರೊಳಗೆ ಸಿಪ್ಪೆ ಒಣಗಬೇಕು, ಬೀಜ ಒಣಗಬೇಕು, ಒಂದೇ ಅಂಗಳ. ಸಿಪ್ಪೆಗೆ ರೇಟು ಸಿಗುತ್ತದೆ ಅಂತ ಬಿಸಿಲೆಲ್ಲ ಸಿಪ್ಪೆಗೆ, ಬೀಜ ಮೂಲೆಗೆ. ಬೀಜದ ಮೇಲಿನ ಲೋಳೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಸದ್ದಾಗುವ ತನಕ ಒಣಗಿಸಬೇಕು. ಆಮೇಲೆ ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ ಗೆರಸಿಯಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ. ಉಳಿದ ತಿರುಳನ್ನು ನುಣ್ಣಗೆ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸುವುದು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಬಿಟ್ಟರೆ ಕೊಬ್ಬು ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಪಾತ್ರೆಯ ಮೇಲೆ ಹೆಪ್ಪು ಕಟ್ಟಿ ತಟ್ಟೆಯ ಹಾಗೆ ಕೂತಿರುತ್ತದೆ. ಚಾಕು ಹಾಕಿ ಎಬ್ಬಿಸಿದರೆ ಟಪ್ ಅಂತ ಏಳುತ್ತದೆ. ಬೀಜದ ತೂಕದಲ್ಲಿ ಕಾಲು ಪಾಲು ಕೊಬ್ಬಿದೆ ಅನ್ನುತ್ತಾರೆ. ನಮ್ಮ ಈ ಲೆಕ್ಕದಲ್ಲಿ ಅಷ್ಟೂ ಕೈಗೆ ಬರುವುದಿಲ್ಲ, ಹಿಂಡಿಯಲ್ಲೇ ಒಂದಿಷ್ಟು ಉಳಿಯುತ್ತದೆ.

ತುಂಬಾ ಜನ ತಪ್ಪುವುದು ಇದರ ಮುಂದೆ. ಆ ತಟ್ಟೆಯ ಅಡಿಯಲ್ಲಿ ನೀರು, ಚರಟ ಅಂಟಿರುತ್ತದೆ. ಅದನ್ನು ಕೆರೆದು, ತುಪ್ಪವನ್ನು ಬಾಣಲೆಗೆ ಹಾಕಿ ಮತ್ತೆ ಕಾಯಿಸಬೇಕು. ಮೊದಲು ಚಟಪಟ ಅನ್ನುತ್ತದೆ. ಬೆಣ್ಣೆ ಕಾಯಿಸಿದಾಗ ಬರುವ ಸದ್ದೇ. ಆ ಸದ್ದು ನಿಂತರೆ ನೀರು ಹೋಯಿತು ಅಂತ. ನಿಲ್ಲುವ ಮೊದಲೇ ಇಳಿಸಿದರೆ ಉಂಡೆ ನೋಡಲು ಚೆಂದ, ಶ್ರಾವಣಕ್ಕೆ ಒಳಗಿನಿಂದ ಕಮಟು ವಾಸನೆ. ಸದ್ದು ನಿಂತ ಮೇಲೂ ಕಾಯಿಸಿದರೆ ಬಣ್ಣ ಕೆಂಪಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಆರಿದ ಮೇಲೆ ಕೈಯಲ್ಲಿ ಉಂಡೆ ಕಟ್ಟುವುದು, ಇಲ್ಲದಿದ್ದರೆ ಗೆರಟೆಗೆ ಹೊಯ್ಯುವುದು.

ನಿನ್ನ ಹತ್ತಿರ ಇರುವ ಉಂಡೆಯನ್ನು ಒಂದು ಸಲ ಕಾಯಿಸಿ ಕಿವಿಗೊಟ್ಟು ಕೇಳು. ಆಯಿಗೆ ಬೈಯಬೇಡ ಮತ್ತೆ. ಮೇ ಕೊನೆಯಲ್ಲಿ ಮೋಡ ಕಂಡರೆ ಎಂಥವರ ಕೈಯೂ ಅವಸರ ಮಾಡುತ್ತದೆ.

ತಾರಸಿ ಸಂಡಿಗೆ:

ವಿಷಯ ಸ್ವಲ್ಪ ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ಹೋದ ಏಪ್ರಿಲ್‌ನಲ್ಲಿ ಕಡಲೆಹಿಟ್ಟು, ಕಸ್ತೂರಿ ಅರಿಶಿನಕ್ಕೆ ಒಂದು ಇಡೀ ನಿಂಬೆಹಣ್ಣು ಹಿಂಡಿ ಮುಖಕ್ಕೆ, ಕತ್ತಿಗೆ ಹಚ್ಚಿಕೊಂಡೆ. ತೊಳೆದ ಮೇಲೆ ತಾರಸಿಗೆ ಹೋಗಿ ಮಧ್ಯಾಹ್ನದ ತನಕ ಸಂಡಿಗೆ ಇಟ್ಟೆ. ಎರಡನೇ ದಿನ ಕತ್ತಿನ ಮೇಲೆ ನಾಲ್ಕು ಬೆರಳಿನ ಗುರುತಿನ ಹಾಗೆ ಕೆಂಪು ಪಟ್ಟಿ, ಆಮೇಲೆ ಕಪ್ಪು. ಯಾರೋ ಹೊಡೆದಿದ್ದಾರೆ ಅಂತ ನಮ್ಮತ್ತಿಗೆ ನನ್ನ ಗಂಡನನ್ನು ದುರುಗುಟ್ಟಿ ನೋಡಿದರು ಪಾಪ. ಮೂರು ತಿಂಗಳಾಯಿತು ಹೋಗಲು. ಅರಿಶಿನ ಕಲಬೆರಕೆ ಇತ್ತಾ?

ಇನ್ನೊಂದು. ಮಗಳು ಬಾಕುಚಿಯಾಲ್ ಇರುವ ಸೀರಮ್ ತರಿಸಿದಳು, ಸಣ್ಣ ಬಾಟಲಿಗೆ ಎಂಟುನೂರು ರೂಪಾಯಿ. ಅದು ನಮ್ಮ ಬಾವಂಚಿ ಬೀಜವೇ ಅಂತ ಗೊತ್ತಾಯಿತು. ಗ್ರಂಧಿಗೆ ಅಂಗಡಿಯಲ್ಲಿ ನೂರು ಗ್ರಾಂ ತಂದು ಎಣ್ಣೆಯಲ್ಲಿ ನೆನೆಹಾಕಿದರೆ ಆಯಿತಲ್ವಾ?

ಹಳೇ ಲ್ಯಾಬು:

ಆಯಿತಲ್ವಾ ಅಂದರೆ ಆಗಲಿಲ್ಲ ಮೇಡಂ. ಬಾವಂಚಿ ಎಣ್ಣೆ ಇವತ್ತೇ ಕೆಳಗಿಡಿ.

ಕತ್ತಿನದ್ದು ಅರಿಶಿನದ ತಪ್ಪಲ್ಲ ಅಂತಲೇ ಅನ್ನಿಸುತ್ತದೆ. ನಿಂಬೆ, ಬಿಸಿಲು, ಇಬ್ಬರೂ ಸೇರಿ ಮಾಡಿದ್ದು. ನಿಂಬೆ ಜಾತಿಯ ಹಣ್ಣಿನಲ್ಲಿ, ಅದರಲ್ಲೂ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೋಕೂಮರಿನ್ ಅನ್ನುವ ವಸ್ತುಗಳಿವೆ. ಚರ್ಮದ ಮೇಲೆ ಉಳಿದು ಬಿಸಿಲು ತಾಗಿದರೆ ಸುಟ್ಟ ಹಾಗೆ ಆಗುತ್ತದೆ. ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣುತ್ತದೆ. ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆರಳಿನ ಗುರುತು ಬಂತು ಅಂದಿರಲ್ಲ, ನಿಮ್ಮದೇ ಬೆರಳು ಅದು, ಹಚ್ಚಿಕೊಂಡಾಗ ಹರಿದ ರಸದ ದಾರಿ. ನಿಮ್ಮ ಯಜಮಾನರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಅದೂ ಅಲ್ಲದೆ ನಿಂಬೆರಸದ ಪಿಎಚ್ ಸುಮಾರು 2. ನಮ್ಮ ಚರ್ಮದ್ದು 5ರ ಆಸುಪಾಸು. ಸಾರಿಗೆ ಹಿಂಡಿ, ಮುಖಕ್ಕೆ ಬೇಡ.

ಬಾವಂಚಿ ಬೀಜದಲ್ಲಿ ಬಾಕುಚಿಯಾಲ್ ಇದೆ, ನಿಜ. ಸುಕ್ಕಿಗೆ ಹಚ್ಚುವ ರೆಟಿನಾಲ್ (ವಿಟಮಿನ್ ಎ ರೂಪ) ಜೊತೆ ಹೋಲಿಸಿ 44 ಜನರ ಮೇಲೆ 12 ವಾರ ನಡೆಸಿದ ಒಂದು ಪ್ರಯೋಗದಲ್ಲಿ ಎರಡೂ ಸುಕ್ಕು, ಕಲೆ ಕಡಿಮೆ ಮಾಡಿದವು, ರೆಟಿನಾಲ್ ಹಚ್ಚಿದವರಿಗೆ ಸಿಪ್ಪೆ ಏಳುವುದು, ಚುರುಚುರು ಜಾಸ್ತಿ ಇತ್ತು. ಬಳಸಿದ್ದು 0.5 ಶೇಕಡಾ ಶುದ್ಧ ಮಾಡಿದ ಬಾಕುಚಿಯಾಲ್. ಆದರೆ ಅದೇ ಬೀಜದೊಳಗೆ ಸೋರಲೆನ್ ಕೂಡ ಇದೆ. ನಿಂಬೆಯಲ್ಲಿದ್ದದ್ದರ ಕುಟುಂಬದ್ದೇ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುವ ಚಿಕಿತ್ಸೆ ಹಿಂದಿನಿಂದ ಇದೆಯಲ್ಲ, ಅದು ಈ ಸೋರಲೆನ್ ಬಲದಿಂದ. ಸೀರಮ್ ಮಾಡುವವರು ಅದನ್ನು ಬೇರ್ಪಡಿಸಿ ತೆಗೆಯಬೇಕು. ನೀವು ಎಣ್ಣೆಯಲ್ಲಿ ನೆನೆಸಿದರೆ ಎರಡೂ ಬರುತ್ತವೆ. ಒಮ್ಮೆ ನಿಂಬೆಯಲ್ಲಿ ಸುಟ್ಟುಕೊಂಡವರು ಮತ್ತೆ ಇದಕ್ಕೆ ಕೈ ಹಾಕುವುದಾ?

ಅರಿಶಿನದ್ದು ಕೇಳಿದಿರಿ ಅಂತ ಒಂದು ಸಾಲು. ಕಸ್ತೂರಿ ಅರಿಶಿನದ ಗೆಡ್ಡೆ ಮುರಿದರೆ ಒಳಗೆ ಮಾಸಲು ಹಳದಿ, ಕರ್ಪೂರದಂಥ ವಾಸನೆ. ಪುಡಿ ಕಣ್ಣು ಕುಕ್ಕುವ ಹಳದಿ ಇದ್ದರೆ ಅದು ಅಡುಗೆ ಅರಿಶಿನ, ಇಲ್ಲವೇ ಬಣ್ಣ ಬೆರೆಸಿದ್ದು.

ತುಂಟಮೋಡ:

ಸರ್, ನನ್ನ ಫ್ರಿಜ್ಜಿನಲ್ಲಿದ್ದ ಕ್ರೀಮು ಎರಡು ತಿಂಗಳದ್ದು. ನಿಮ್ಮದು ಓದಿದ ಮೇಲೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಚುಕ್ಕಿ ಏನೂ ಇಲ್ಲ. ಆದರೂ ಎಸೆದೆ. ಕಾಣದವು ಅಂದಿರಲ್ಲ, ಆಮೇಲೆ ಹಚ್ಚಿಕೊಳ್ಳಲು ಮನಸ್ಸಾಗಲಿಲ್ಲ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನೇನಾಯಿತು ಅಂತ ಹೇಳಿಬಿಡುತ್ತೇನೆ.

ಮೊದಲು ಉಂಡೆ ಕಾಯಿಸಿದೆ. ಗಟ್ಟದ ಮೇಲಿನ ಅಣ್ಣ ಹೇಳಿದ ಹಾಗೆ ಬಾಣಲೆಯ ಹತ್ತಿರ ಕಿವಿ ಇಟ್ಟುಕೊಂಡು ನಿಂತೆ, ಅದೇ ಹೊತ್ತಿಗೆ ಗಂಡ ಬಂದು 'ಏನು, ರೇಡಿಯೋ ಕೇಳ್ತಿದ್ದೀಯಾ' ಅಂದರು. ಹಳೇ ಉಂಡೆ ಸುಮ್ಮನಿತ್ತು. ಈ ವರ್ಷದ್ದು ಹಾಕಿದಾಗ ಚಟಪಟ ಶುರುವಾಯಿತು, ನಿಲ್ಲಲು ಐದಾರು ನಿಮಿಷ ಹಿಡಿಯಿತು. ಅಡಿಯಲ್ಲಿ ಕಂದು ಚರಟ ಉಳಿಯಿತು.

ಆಯಿಗೆ ಫೋನ್ ಮಾಡಿ ಬೈಯದೆ ಸುಮ್ನೆ ಕೇಳಿದೆ. 'ಈ ಸಲ ನಾನು ತೆಗೆದದ್ದಲ್ಲ ಮಾರಾಯ್ತಿ, ಕೈ ನೋವಿತ್ತು, ನಿನ್ನ ಅಪ್ಪಯ್ಯ ಕಾಯಿಸಿದ್ದು, ನ್ಯೂಸ್ ಶುರುವಾಯಿತು ಅಂತ ಇಳಿಸಿಬಿಟ್ಟರು' ಅಂದಳು. ಹಿಂದಿನಿಂದ ಅಪ್ಪಯ್ಯ 'ಸದ್ದು ನಿಂತಿತ್ತು' ಅಂತ ಕೂಗಿದ್ದು ಕೇಳಿತು. ಅದರ ಮೇಲೆ ಅವರಿಬ್ಬರಿಗೆ ಹತ್ತಿಕೊಂಡಿತು, ನಾನು ಫೋನ್ ಇಟ್ಟೆ.

ಮುಲಾಮು ಲ್ಯಾಬಿನ ಸರ್ ಕೊಟ್ಟ ಅಳತೆಯಲ್ಲೇ ಮಾಡಿದೆ. ಮೊದಲ ಸಲ ಕಲಕುವಾಗ ಐಸ್ ನೀರು ಎರಡು ಹನಿ ಒಳಗೆ ಸಿಡಿಯಿತು. ಮತ್ತೆ ಕಾಯಿಸಿ, ಸದ್ದು ನಿಲ್ಲಿಸಿ, ಮತ್ತೆ ತಣಿಸಿದೆ. ಎರಡನೇ ಸಲ ಪಾತ್ರೆಯನ್ನು ಐಸ್ ನೀರಿನಲ್ಲಿ ಇಡದೆ, ಐಸ್ ಪ್ಯಾಕೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅದರ ಮೇಲಿಟ್ಟೆ. ಸಿಡಿಯುವ ಭಯ ಇಲ್ಲ. ನುಣ್ಣಗೆ ಬಂತು. ಮಜ್ಜಿಗೆ ಹುಲ್ಲು ಬಿಟ್ಟೆ, ಬೇರೆ ವಾಸನೆಯೂ ಹಾಕಲಿಲ್ಲ. ಎಳ್ಳೆಣ್ಣೆ ವಾಸನೆ ಇದೆ. ಮಗಳಿಗೆ ಅದು ಅಭ್ಯಂಜನದ ವಾಸನೆಯಂತೆ. ಜೇನುಮೇಣ ಮಾತ್ರ ಗಿಡದ್ದಲ್ಲ, ಇಲ್ಲಿ ಯಾರಾದರೂ ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ.

ಸ್ಟಾಲ್ ಈ ವರ್ಷಕ್ಕೆ ಬಿಟ್ಟೆ. ಪರವಾನಗಿಗೆ ಏನೇನು ಬೇಕು ಅಂತ ವಿಚಾರಿಸುತ್ತಿದ್ದೇನೆ, ಅಡುಗೆಮನೆ ಕಟ್ಟೆ ತೋರಿಸಿದರೆ ಕೊಡುವ ಹಾಗೆ ಕಾಣಲಿಲ್ಲ. ಮನೆಯವರಿಗೆ, ಆ ಆರು ಜನರಿಗೆ ಸುಮ್ನೆ ಕೊಟ್ಟೆ. ಕೊಡುವ ಮೊದಲು ನನ್ನ ಮೊಣಕೈ ಒಳಗೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿಕೊಂಡೆ, ಅವರಿಗೂ ಹಾಗೇ ಮಾಡಿ ಅಂತ ಹೇಳಿದ್ದೇನೆ. ಡಬ್ಬಿಗೆ ಕೈಯಲ್ಲಿ ಬರೆದ ಚೀಟಿ: 'ಮುರುಗಲ ತುಪ್ಪ, ಎಳ್ಳೆಣ್ಣೆ, ಜೇನುಮೇಣ. ಕಾಲಿಗೆ ಮಾತ್ರ. ಒದ್ದೆ ಬೆರಳು ಹಾಕಬೇಡಿ.' ಕೆಳಗೆ ಮಾಡಿದ ತಾರೀಕು.

ಪಕ್ಕದ ಮನೆ ಆಂಟಿಗೆ ಕೊಡಲು ಧೈರ್ಯ ಬರಲಿಲ್ಲ. ಲೋಳೆಸರದ ಡಬ್ಬಿ ವಾಪಸ್ ಇಸಿದುಕೊಂಡು, ತಪ್ಪಾಯಿತು ಅಂತ ಹೇಳಿ, ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು ಬಂದೆ. ನಿನ್ನೆ ಕೆಲಸದವಳ ಕೈಲಿ ಹೇಳಿಸಿದ್ದಾರೆ, ಹಪ್ಪಳ ಚೆನ್ನಾಗಿತ್ತಂತೆ. ಹಿಮ್ಮಡಿಯದ್ದು ಉಳಿದಿದ್ದರೆ ಒಂದು ಡಬ್ಬಿ ಬೇಕಂತೆ.